ದುರಸ್ತಿಯಲ್ಲಿದೆ

ಸರ್ಕಾರಿ ಕಚೇರಿಯ ಲಿಫ್ಟಿನ ಬಾಗಿಲಿಗೆ ‘ಲಿಫ್ಟ್ ದುರಸ್ತಿಯಲ್ಲಿದೆ’ ಎಂಬ ಹಾಳೆ ಅಂಟಿಸಿದ್ದರೆ, ಒಳಗೆ ಯಾರೋ ಸ್ಪ್ಯಾನರ್ ಹಿಡಿದು ಬೆವರು ಸುರಿಸುತ್ತಿದ್ದಾರೆ ಎಂದು ಕನ್ನಡ ಬಲ್ಲ ಯಾರೂ ಭಾವಿಸುವುದಿಲ್ಲ. ಮಂಡಿನೋವಿನವರು ಕೂಡ ಮರುಮಾತಾಡದೆ ಮೆಟ್ಟಿಲಿನ ಕಡೆ ತಿರುಗುತ್ತಾರೆ. ಹಾಳೆ ಹಳದಿಗಟ್ಟಿ, ಗೋಂದು ಬಿಟ್ಟು, ಒಂದು ಮೂಲೆ ಜೋತುಬಿದ್ದಾಗ ಜವಾನ ಬಂದು ಹೊಸ ಹಾಳೆ ಅಂಟಿಸುತ್ತಾನೆ. ಆ ಲಿಫ್ಟಿಗೆ ಸಂಬಂಧಪಟ್ಟಂತೆ ಆ ವರ್ಷ ನಡೆದ ದುರಸ್ತಿ ಅದೊಂದೇ.

ಪದದ ಜಾತಕ ನೋಡಿದರೆ ಇದೊಂದು ದುರಂತ ಕಥೆ. ಪಾರಸಿಯಲ್ಲಿ ‘ದುರುಸ್ತ್’ ಎಂದರೆ ಸರಿಯಾಗಿರುವುದು, ನೆಟ್ಟಗಿರುವುದು. ಮೈ ನೆಟ್ಟಗಿದ್ದರೆ ತಂದುರುಸ್ತಿ. ಉರ್ದು ಬಲ್ಲವರು ‘ದುರುಸ್ತ್’ ಎಂದು ತಲೆಯಾಡಿಸಿದರೆ ನೀವು ಹೇಳಿದ್ದು ಸರಿ ಎಂದು ಅರ್ಥ. ಬಿಜಾಪುರ, ಶ್ರೀರಂಗಪಟ್ಟಣಗಳ ದಫ್ತರಗಳಲ್ಲಿ ಪಾರಸಿ ನಡೆಯುತ್ತಿದ್ದ ಕಾಲದಲ್ಲಿ ಅರ್ಜಿ, ಜಮೀನು, ವಸೂಲಿ, ಗುಮಾಸ್ತ, ತಹಶೀಲ್ದಾರ ಇವೆಲ್ಲದರ ಜೊತೆ ಈ ಪದವೂ ನಮ್ಮಲ್ಲಿಗೆ ಬಂತು. ವಸೂಲಿ ತನ್ನ ಅರ್ಥವನ್ನು ಕೂದಲೆಳೆಯಷ್ಟೂ ಬಿಟ್ಟುಕೊಡದೆ ಉಳಿಸಿಕೊಂಡಿತು. ದುರಸ್ತಿ ಮಾತ್ರ ಕಚೇರಿಯ ಗಾಳಿ ಕುಡಿದು ತಲೆಕೆಳಗಾಯಿತು. ಈಗ ಪಾರಸಿ ಪಂಡಿತನೊಬ್ಬ ಬಂದು ಆ ಹಾಳೆಯನ್ನು ಓದಿದರೆ, ಎಲ್ಲ ಸರಿಯಾಗಿಯೇ ಇದೆ ಎಂದುಕೊಂಡು ಸಂಜೆಯವರೆಗೂ ಗುಂಡಿ ಒತ್ತುತ್ತ ನಿಂತಾನು.

ನಮ್ಮ ಸಂಸ್ಕೃತ ಪಂಡಿತರನ್ನು ಕೇಳಿದರೆ ಗೊಂದಲವೇ ಇಲ್ಲ. ದುರ್ ಎಂದರೆ ಕೆಟ್ಟದ್ದು, ಅಸ್ತಿ ಎಂದರೆ ಇದೆ. ದುರ್ ಅಸ್ತಿ, ದುರಸ್ತಿ: ಕೆಟ್ಟದ್ದಾಗಿ ಇದೆ. ಭಾಷಾಶಾಸ್ತ್ರಕ್ಕೆ ಇದು ಶುದ್ಧ ಅಪಚಾರ. ಲೋಕೋಪಯೋಗಿ ಇಲಾಖೆಯ ಮಟ್ಟಿಗೆ ಮಾತ್ರ ಇದಕ್ಕಿಂತ ಕರಾರುವಾಕ್ಕಾದ ನಿಷ್ಪತ್ತಿ ಇನ್ನೊಂದಿಲ್ಲ.

ಜನ ಈ ವ್ಯತ್ಯಾಸವನ್ನು ಚೆನ್ನಾಗಿ ಬಲ್ಲರು. ಅದಕ್ಕೇ ಅವರು ತಮ್ಮ ಸ್ವಂತ ಕೆಲಸಕ್ಕೆ ‘ರಿಪೇರಿ’ ಎನ್ನುತ್ತಾರೆ. ಮಿಕ್ಸಿ, ಸೈಕಲ್ಲು, ಮಳೆಗಾಲಕ್ಕೆ ಮುಂಚೆ ಛತ್ರಿ, ಇವು ರಿಪೇರಿಯಾಗುತ್ತವೆ. ಸೇತುವೆ, ಶಾಲೆಯ ಕೊಠಡಿ, ಕೊಳವೆಬಾವಿ, ಪಹಣಿ, ಇವು ದುರಸ್ತಿಯಾಗುತ್ತವೆ. ರಿಪೇರಿಗೆ ಕೊಟ್ಟದ್ದು ವಾಪಸು ಬರುತ್ತದೆ. ಮನುಷ್ಯರಿಗೂ ರಿಪೇರಿಯೇ, ‘ಅವನಿಗೆ ಸ್ವಲ್ಪ ರಿಪೇರಿ ಮಾಡ್ಬೇಕು’ ಎಂದರೆ ಎರಡು ಏಟು ಬೀಳುವುದು ಖಾತ್ರಿ. ‘ಅವನಿಗೆ ದುರಸ್ತಿ ಮಂಜೂರಾಗಿದೆ’ ಎಂದಿದ್ದರೆ ಅವನು ಇನ್ನೂ ಹತ್ತು ವರ್ಷ ನಿಶ್ಚಿಂತೆಯಿಂದ ಊರಿನಲ್ಲಿ ಓಡಾಡಿಕೊಂಡಿರುತ್ತಿದ್ದ.

ಸರ್ಕಾರಿ ದುರಸ್ತಿಯಲ್ಲಿ ವರ್ಣಾಶ್ರಮವೂ ಉಂಟು. ಮೊದಲನೆಯದು ವಾರ್ಷಿಕ ದುರಸ್ತಿ. ವರ್ಷಕ್ಕೊಮ್ಮೆ ಸುಣ್ಣ ಬಳಿದು, ಬಿಟ್ಟ ಕೀಲು ಜಡಿದು, ಒಡೆದ ಹಂಚು ಬದಲಿಸುವ ಬಡಪಾಯಿ ಕೆಲಸ ಇದು. ಎರಡನೆಯದು ವಿಶೇಷ ದುರಸ್ತಿ. ವಾರ್ಷಿಕ ದುರಸ್ತಿಯನ್ನು ವರ್ಷವರ್ಷವೂ ಮಾಡದೆ ಬಿಟ್ಟರೆ ಇದು ತಾನಾಗಿಯೇ ಒದಗಿಬರುತ್ತದೆ. ಮೂರನೆಯದು ತುರ್ತು ದುರಸ್ತಿ. ಇದು ವಿಶೇಷವನ್ನೂ ಮಾಡದೆ ಬಿಟ್ಟಾಗ, ಇಲ್ಲವೇ ಆ ದಾರಿಯಲ್ಲಿ ಮಂತ್ರಿಗಳು ಬರುವಾಗ ಹುಟ್ಟುತ್ತದೆ. ತುರ್ತು ಎಂದಮೇಲೆ ಟೆಂಡರು ಕರೆಯುವಷ್ಟು ಪುರಸೊತ್ತು ಎಲ್ಲಿರುತ್ತದೆ? ಕೆಲಸವನ್ನು ತುಂಡು ತುಂಡು ಮಾಡಿ ಹಂಚುವ ತುಂಡು ಗುತ್ತಿಗೆ ಎಂಬ ಏರ್ಪಾಡಿದೆ. ಅದೂ ಸಾಲದಿದ್ದರೆ 1999ರ ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆ ಕಾಯ್ದೆಯಲ್ಲೇ 4(ಜಿ) ಎಂಬ ಕಿಟಕಿ ಇದೆ. ಅದರ ಕೆಳಗೆ ಟೆಂಡರಿನಿಂದ ವಿನಾಯಿತಿ ಕೊಡಬಹುದು. ಮೊಬೈಲಿನಲ್ಲಿ 4ಜಿ ಬರುವುದಕ್ಕೆ ಬಹಳ ಮೊದಲೇ ನಮ್ಮ ಗುತ್ತಿಗೆದಾರರಿಗೆ 4ಜಿ ವೇಗ ಸಿಕ್ಕಿದ್ದು ಹೀಗೆ.

ವಾರ್ಷಿಕ ದುರಸ್ತಿ ಯಾಕೆ ಅನಾಥವಾಗಿದೆ ಎಂಬುದಕ್ಕೆ ಸಂಶೋಧನೆ ಬೇಡ. ಅದಕ್ಕೆ ಗುದ್ದಲಿ ಪೂಜೆ ಮಾಡಲಾಗುವುದಿಲ್ಲ. ಶಾಲೆಯ ಮಾಡಿನಲ್ಲಿ ಒಂದು ಮಂಗಳೂರು ಹಂಚು ಸರಿದಿದೆ. ಹತ್ತಿ ಸರಿಮಾಡಲು ಒಬ್ಬ ಆಳು, ಒಂದು ಏಣಿ ಸಾಕು. ಆದರೆ ಏಣಿಯ ಬುಡದಲ್ಲಿ ಶಾಮಿಯಾನ ಹಾಕಿ, ಶಾಸಕರನ್ನು ಕರೆದು, ‘ಇಂದು ಮಾನ್ಯರ ಅಮೃತಹಸ್ತದಿಂದ ಹಂಚು ಸರಿಸಲಾಯಿತು’ ಎಂದು ಶಿಲಾಫಲಕ ನೆಡುವುದು ಹೇಗೆ? ಆದ್ದರಿಂದ ಹಂಚು ಹಾಗೇ ಇರುತ್ತದೆ. ಮೊದಲ ಮಳೆಗೆ ರೀಪು ನೆನೆಯುತ್ತದೆ, ಎರಡನೆಯ ಮಳೆಗೆ ಪಕಾಸಿ ಕೊಳೆಯುತ್ತದೆ, ಆಮೇಲೆ ಗೋಡೆ ಉಬ್ಬುತ್ತದೆ. ಮಕ್ಕಳು ಜಗಲಿಗೆ, ಜಗಲಿಯಿಂದ ದೇವಸ್ಥಾನದ ಪ್ರಾಂಗಣಕ್ಕೆ ಬರುತ್ತಾರೆ. ಕೊನೆಗೆ ಎಂಜಿನಿಯರು ಬಂದು ಕಟ್ಟಡ ಶಿಥಿಲವಾಗಿದೆ ಎಂದು ಬರೆದುಕೊಡುತ್ತಾರೆ. ಆಗ ಎಲ್ಲರ ಮುಖವೂ ಅರಳುತ್ತದೆ. ಹೊಸ ಕೊಠಡಿ, ಹೊಸ ಅಂದಾಜುಪಟ್ಟಿ, ಗುದ್ದಲಿ, ತೆಂಗಿನಕಾಯಿ, ಫಲಕ! ಹಂಚಿನ ಬಿಲ್ಲು ಬಡವಾಗಿತ್ತು. ಶಿಥಿಲದ ಬಿಲ್ಲಿಗೆ ಮೈಕೈ ತುಂಬಿದೆ.

ಹಾಗಾಗಿ ದುರಸ್ತಿ ಎಂಬ ಪದಕ್ಕೂ ಈಗ ಬಡ್ತಿ ಬೇಕಾಗಿದೆ. ಅದಕ್ಕಿಂತ ಮೇಲೆ ನವೀಕರಣ, ಅದರ ಮೇಲೆ ಪುನಶ್ಚೇತನ, ಅದಕ್ಕೂ ಮೇಲೆ ಸಮಗ್ರ ಅಭಿವೃದ್ಧಿ, ತುತ್ತತುದಿಗೆ ಕಾಯಕಲ್ಪ. ಕೆಲಸ ಒಂದೇ, ಸೊನ್ನೆಗಳು ಬೇರೆ. ಕೆರೆಯ ಹೂಳೆತ್ತಿದರೆ ದುರಸ್ತಿ. ಹೂಳು ಎತ್ತದೆ ಸುತ್ತ ಕಬ್ಬಿಣದ ಬೇಲಿ, ನಡೆಯಲು ಟೈಲ್ಸ್ ಹಾದಿ, ಗೇಟಿನ ಹತ್ತಿರ ಸಿಮೆಂಟಿನ ಜಿಂಕೆ ಮಾಡಿಸಿದರೆ ಪುನಶ್ಚೇತನ. ಬೆಂಗಳೂರಿನಲ್ಲಿ ಇದಕ್ಕಿಂತಲೂ ಆಮೂಲಾಗ್ರವಾದ ಪದ್ಧತಿಯೊಂದಿತ್ತು: ಕೆರೆಯನ್ನೇ ತೆಗೆದುಬಿಡುವುದು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಆಮೇಲೆ ಆ ಎರಡು ಕೆರೆಗಳ ಬಗ್ಗೆ ಒಂದೇ ಒಂದು ದೂರು ಬಂದಿಲ್ಲ. ಉಳಿಸಿಕೊಂಡ ಬೆಳ್ಳಂದೂರು ಕೆರೆ ಏನು ಮಾಡಿತು ನೋಡಿ: 2017ರ ಫೆಬ್ರುವರಿಯಲ್ಲಿ ಹೊತ್ತಿ ಉರಿಯಿತು. ನೀರಿಗೇ ಬೆಂಕಿ ಬಿದ್ದ ಮೇಲೆ ಆರಿಸಲು ಇನ್ನೇನು ತರುತ್ತೀರಿ?

ರಸ್ತೆಗುಂಡಿಯ ವಿಷಯ ಬರೆಯದೆ ದುರಸ್ತಿಯ ಬಗ್ಗೆ ಬರೆದರೆ ಬೆಂಗಳೂರಿನ ಓದುಗರು ಕ್ಷಮಿಸುವುದಿಲ್ಲ. ಗುಂಡಿ ಮುಚ್ಚುವುದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 82ನೆಯ ಸಂಹಿತೆ ಎಂಬ ಗ್ರಂಥವೇ ಇದೆ. ಸರಿಯಾದ ಕ್ರಮದಲ್ಲಿ ಗುಂಡಿಯ ಅಂಚನ್ನು ನೆಟ್ಟಗೆ, ಚೌಕವಾಗಿ ಕತ್ತರಿಸಬೇಕು. ಸಡಿಲ ಜಲ್ಲಿ, ಧೂಳು, ನೀರು ತೆಗೆದು ಒಣಗಿಸಬೇಕು. ಒಳಮೈಗೆ ಡಾಂಬರು ಸವರಿ, ಮಿಶ್ರಣ ತುಂಬಿ, ರೋಲರಿನಿಂದ ಒತ್ತಿ ರಸ್ತೆಯ ಮಟ್ಟಕ್ಕೆ ತರಬೇಕು. ನಾವು ನೋಡುವುದು ಈ ಗ್ರಂಥದ ಸಂಗ್ರಹ ಆವೃತ್ತಿ. ಟ್ರ್ಯಾಕ್ಟರು ಬರುತ್ತದೆ, ಯಾರದೋ ಒಡೆದ ಮನೆಯ ಇಟ್ಟಿಗೆ ಚೂರು ಸುರಿಯುತ್ತದೆ, ಇಬ್ಬರು ಸಲಿಕೆಯ ಬೆನ್ನಿನಿಂದ ತಟ್ಟುತ್ತಾರೆ, ಮೂರನೆಯವನು ಫೋಟೊ ತೆಗೆಯುತ್ತಾನೆ. ಫೋಟೊ ತೆಗೆಯುವ ಹಂತದಲ್ಲಿ ಮಾತ್ರ ಯಾವ ಲೋಪವೂ ಇರುವುದಿಲ್ಲ. ದಿನಾಂಕ, ಸ್ಥಳ, ಅಕ್ಷಾಂಶ, ರೇಖಾಂಶ ಎಲ್ಲ ಬೀಳುತ್ತವೆ. ಮರುದಿನದ ಮಳೆಗೆ ಇಟ್ಟಿಗೆ ಚೂರು ಚರಂಡಿ ಸೇರಿ ಅಲ್ಲಿ ಹೂಳೆತ್ತುವ ಕಾಮಗಾರಿಗೆ ದಾರಿಯಾಗುತ್ತದೆ.

ಈ ನಗರದಲ್ಲಿ ಗುಂಡಿ ಮುಚ್ಚಿಸುವ ಖಚಿತ ವಿಧಾನ ಕಂಡುಹಿಡಿದವರು ಎಂಜಿನಿಯರಲ್ಲ, ಕಲಾವಿದ ಬಾದಲ್ ನಂಜುಂಡಸ್ವಾಮಿ. 2015ರಲ್ಲಿ ಸುಲ್ತಾನ್‌ಪಾಳ್ಯದ ಗುಂಡಿಯೊಂದಕ್ಕೆ ಅವರು ನಿಜಗಾತ್ರದ ಫೈಬರ್ ಮೊಸಳೆ ತಂದು ಬಿಟ್ಟರು. ಅಷ್ಟು ದಿನ ಯಾರ ಕಣ್ಣಿಗೂ ಬೀಳದಿದ್ದ ಗುಂಡಿ ಕೂಡಲೇ ಕಾಣಿಸಿತು, ದುರಸ್ತಿಯೂ ಆಯಿತು. 2019ರಲ್ಲಿ ಅವರು ಇನ್ನೊಂದು ರಸ್ತೆಯಲ್ಲಿ ಗಗನಯಾತ್ರಿಯ ವೇಷದವರೊಬ್ಬರನ್ನು ಚಂದ್ರನ ಮೇಲೆ ನಡೆಸಿದಂತೆ ನಡೆಸಿದರು. ಅದೂ ಫಲ ಕೊಟ್ಟಿತು. ಇಲಾಖೆಯ ದರಪಟ್ಟಿಯಲ್ಲಿ ಜಲ್ಲಿ, ಡಾಂಬರುಗಳ ಜೊತೆಗೆ ‘ಮೊಸಳೆ, ಫೈಬರ್, ಒಂದಕ್ಕೆ’ ಎಂಬ ಬಾಬತ್ತನ್ನು ಇನ್ನೂ ಸೇರಿಸಿಲ್ಲ ಏಕೆ ಎಂಬುದು ಅರ್ಥವಾಗುವುದಿಲ್ಲ. ಅದರ ಬದಲು 2025ರ ಸೆಪ್ಟೆಂಬರಿನಲ್ಲಿ ಮಹಾನಗರ ಪಾಲಿಕೆಯನ್ನೇ ಒಡೆದು, ಮೇಲೊಂದು ಪ್ರಾಧಿಕಾರ, ಕೆಳಗೆ ಐದು ಪಾಲಿಕೆ ಮಾಡಿದರು. ಗುಂಡಿ ಇದ್ದಲ್ಲೇ ಇದೆ, ಬೋರ್ಡು ಹೊಸದು. ಬೋರ್ಡು ಬದಲಿಸುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಶಾನುಭೋಗ ಹೋಗಿ ಗ್ರಾಮ ಲೆಕ್ಕಿಗ ಬಂದ, ಲೆಕ್ಕಾಧಿಕಾರಿಯಾದ, ಈಗ ಗ್ರಾಮ ಆಡಳಿತಾಧಿಕಾರಿ. ಹೀಗೆ ದುರಸ್ತಿಯಾಗಿದ್ದು ಹೆಸರು. ಅವರು ಊರಿಗೆ ಬರುವ ವಾರ ಯಾವುದೆಂಬುದು ಇನ್ನೂ ದುರಸ್ತಿಯಲ್ಲಿದೆ.

ಹಳಬರಿಗೆ ದುರಸ್ತಿ ಎಂಬ ಪದ ಗೊತ್ತಿರಲಿಲ್ಲ, ಪಾಪ. ಅವರು ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂದು ಬರೆಯುತ್ತಿದ್ದರು. ಕರ್ನಾಟಕದ ದಾನಶಾಸನಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ: ಮುಕ್ಕಾದದ್ದು, ಬಿರುಕು ಬಿಟ್ಟದ್ದು, ಹಳೆಯದಾದದ್ದು, ಇವನ್ನು ಎತ್ತಿನಿಲ್ಲಿಸಲು ಇಷ್ಟು ಭೂಮಿ ಎಂದು ಕೆತ್ತಿಸುತ್ತಿದ್ದರು. ಗುಡಿ ಕಟ್ಟಿಸಿದ ಕೈಯಲ್ಲೇ, ಇದು ಒಂದು ದಿನ ಮುಕ್ಕಾಗುತ್ತದೆ ಎಂದು ಒಪ್ಪಿಕೊಂಡು, ಆ ದಿನದ ಖರ್ಚಿಗೂ ಆದಾಯ ಕಟ್ಟಿಡುತ್ತಿದ್ದರು. ಕೆರೆಗಾದರೆ ಬಿತ್ತುವಟ್ಟ, ಕಟ್ಟುಕೊಡಗೆ ಎಂದು ಬೇರೆಯೇ ಭೂಮಿ. ಏರಿಯನ್ನು ನೋಡಿಕೊಂಡವನಿಗೆ ಅದರ ಕೆಳಗಿನ ಗದ್ದೆಯಲ್ಲಿ ಪಾಲು. ಏರಿ ಒಡೆದರೆ ಅವನ ಅನ್ನವೂ ಕೊಚ್ಚಿಹೋಗುತ್ತದೆ. ಈ ಏರ್ಪಾಡಿಗೆ ತಪ್ಪಿದವರ ಗತಿಯನ್ನೂ ಕಲ್ಲಿನ ಮೇಲೇ ಕೆತ್ತಿರುತ್ತಾರೆ: ವಾರಣಾಸಿಯಲ್ಲಿ ಕವಿಲೆ ಹಸುಗಳನ್ನು ಕೊಂದ ಪಾಪ, ಸಾಲದ್ದಕ್ಕೆ 60,000 ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವ ಶಿಕ್ಷೆ. ಇಂದಿನ ಕರಾರುಪತ್ರದಲ್ಲಿ ಗುತ್ತಿಗೆದಾರರ ದೋಷ ಹೊಣೆಗಾರಿಕೆಯ ಅವಧಿ ಕೆಲವೇ ವರ್ಷ. ಹುಳುವಿನ ಪ್ರಸ್ತಾಪವೂ ಇಲ್ಲ.

ಜೀರ್ಣ ಎಂಬುದಕ್ಕೆ ಅರಗಿದ್ದು ಎಂಬ ಅರ್ಥವೂ ಇದೆ ಎಂಬುದನ್ನು ಆ ಶಾಸನಕಾರರು ಗಮನಿಸಿದಂತಿಲ್ಲ. ನಮ್ಮವರು ಗಮನಿಸಿದ್ದಾರೆ. ವಾತಾಪಿಯನ್ನು ತಿಂದು ಅರಗಿಸಿಕೊಂಡ ಅಗಸ್ತ್ಯರ ಕಥೆ ನಡೆದದ್ದು ನಮ್ಮ ಬಾದಾಮಿಯಲ್ಲೇ ಎಂದು ಪ್ರತೀತಿ. ಹೊಟ್ಟೆ ನೀವಿಕೊಂಡು ‘ಜೀರ್ಣವಾಗು’ ಎನ್ನುವ ಆ ಮಂತ್ರ ಈ ನೆಲದಲ್ಲಿ ಇನ್ನೂ ಬಲು ಚೆನ್ನಾಗಿ ಫಲಿಸುತ್ತದೆ. ಅನುದಾನಗಳನ್ನು ಕೇಳಿ ನೋಡಿ.

2024ರ ಆಗಸ್ಟ್ ತಿಂಗಳಲ್ಲಿ ಮಾತ್ರ ಒಂದೇ ವಾರದಲ್ಲಿ ಎರಡು ಕಡೆ ಅರಗಲಿಲ್ಲ. 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಲಾರಿಯೊಂದರ ಸಮೇತ ನೀರಿಗೆ ಬಿತ್ತು. 1980ರ ದಶಕದ ಸೇತುವೆ ಅದು. ಲಾರಿಯ ಚಾಲಕ ಬದುಕಿದ್ದು ಅವನ ಪುಣ್ಯ. 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಕ್ರಸ್ಟ್‌ಗೇಟಿನ ಸರಪಳಿ ಕಡಿದು, 60 ಅಡಿ ಅಗಲದ ಗೇಟು ಕೊಚ್ಚಿಹೋಯಿತು. ಅಣೆಕಟ್ಟೆಗೆ ಆಗ 70 ದಾಟಿತ್ತು. ಮನುಷ್ಯನಾಗಿದ್ದರೆ ಹಿರಿಯ ನಾಗರಿಕರ ಬಸ್ ರಿಯಾಯಿತಿ ಸಿಕ್ಕು ಹತ್ತು ವರ್ಷವಾಗಿರುತ್ತಿತ್ತು. ತುಂಬಿ ನಿಂತ ಜಲಾಶಯ ಅದು, ನಾಲ್ಕು ಜಿಲ್ಲೆಯ ಭತ್ತ ಅದರ ಕೆಳಗೆ. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು, ವರ್ಷವಿಡೀ ಕಾದ ನೀರನ್ನು ನದಿಗೆ ಬಿಡಬೇಕಾಯಿತು.

ಆಗ ನಡೆದದ್ದೇ ನಿಜವಾದ ದುರಸ್ತಿ. ಗೇಟು ಕೂರಿಸುವುದರಲ್ಲೇ ಬಾಳು ಸವೆಸಿದ ಕನ್ನಯ್ಯ ನಾಯ್ಡು ಎಂಬ ಇಳಿವಯಸ್ಸಿನ ತಜ್ಞರು ಬಂದರು. ಅವರು ಕಡತ ಕೇಳಲಿಲ್ಲ, ಅಳತೆ ಕೇಳಿದರು. ಕಾರ್ಖಾನೆಗಳಲ್ಲಿ ಹಗಲುರಾತ್ರಿ ಉಕ್ಕಿನ ತಡೆಹಲಗೆಗಳನ್ನು ಮಾಡಿಸಿ, ಭೋರ್ಗರೆಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಿದರು. ಗೇಟು ಹೋದ ಒಂದು ವಾರದೊಳಗೆ ನೀರು ನಿಂತಿತು. ಜೀವದ ಹಂಗು ತೊರೆದು ಕೆಳಗಿಳಿದ ಕಾರ್ಮಿಕರಿಗೆ ಜನ ಕೈಮುಗಿದರು, ಮುಗಿಯಬೇಕಾದದ್ದೇ. ನಮ್ಮವರಿಗೆ ದುರಸ್ತಿ ಬರುವುದಿಲ್ಲ ಎಂಬುದು ಸುಳ್ಳು ಎಂದು ಆ ವಾರ ಸಾಬೀತಾಯಿತು. ಹಾಗಾದರೆ ಸರಪಳಿ ಕಡಿಯುವ ಮುಂಚೆ ಅದು ಯಾಕೆ ಬರುವುದಿಲ್ಲ? ಉತ್ತರ ಸುಲಭ: ಕಡಿಯದ ಸರಪಳಿಯನ್ನು ನೋಡಲು ಟಿವಿಯವರು ಬರುವುದಿಲ್ಲ. ಉಳಿದ 32 ಗೇಟುಗಳ ಮೇಲೂ ಭರವಸೆ ಉಳಿಯದೆ, ಮರುವರ್ಷ ಜಲಾಶಯದಲ್ಲಿ 80 ಟಿಎಂಸಿಗೆ ನೀರು ಮಿತಿಗೊಳಿಸಬೇಕಾಯಿತು. ಒಂದು ಸರಪಳಿಗೆ ಗ್ರೀಸ್ ಹಚ್ಚಲು, ತಪಾಸಣೆ ಮಾಡಲು ಏನು ಖರ್ಚು, ಒಂದು ಬೆಳೆಗೆ ಏನು ಬೆಲೆ ಎಂಬ ಲೆಕ್ಕವನ್ನು ರಾಯಚೂರಿನ, ಸಿಂಧನೂರಿನ, ಗಂಗಾವತಿಯ ರೈತರು ಕಾಗದ ಪೆನ್ನಿಲ್ಲದೆ ಮಾಡಬಲ್ಲರು.

ಇಷ್ಟೆಲ್ಲ ಹೇಳಿಯೂ ದುರಸ್ತಿಯ ನಿಜವಾದ ತವರುಮನೆಗೆ ನಾವಿನ್ನೂ ಕಾಲಿಟ್ಟಿಲ್ಲ. ಅದು ಕಂದಾಯ ಇಲಾಖೆ. ಅಲ್ಲಿ ‘ಪೋಡಿ ದುರಸ್ತಿ’ ಎಂಬ ಒಂದು ತಪಸ್ಸಿದೆ. ಪೋಡಿ ಎಂದರೆ ಹೋಳು. ಒಂದು ಸರ್ವೆ ನಂಬರಿನ ಜಮೀನು ಅಣ್ಣತಮ್ಮಂದಿರಿಗೆ ಪಾಲಾದರೆ, ಇಲ್ಲವೇ ಸರ್ಕಾರ ಹಲವರಿಗೆ ಮಂಜೂರು ಮಾಡಿದ್ದರೆ, ಪ್ರತಿಯೊಬ್ಬರ ಭಾಗವನ್ನೂ ಅಳೆದು, ನಕ್ಷೆ ಬರೆದು, ಬೇರೆ ಬೇರೆ ಹಿಸ್ಸಾ ನಂಬರು ಕೊಡಬೇಕು. ಹೇಳಲು ಒಂದು ವಾಕ್ಯ. ಅಜ್ಜ ಅರ್ಜಿ ಕೊಟ್ಟರೆ ಮೊಮ್ಮಗ ಹಿಂಬರಹ ಪಡೆಯುತ್ತಾನೆ. ದರಖಾಸ್ತು ಜಮೀನಾದರೆ ಮಂಜೂರಾತಿಯ ಮೂಲ ಕಡತ ಬೇಕು. ಆ ಕಡತವನ್ನು ಕೊಟ್ಟವರು ಕಚೇರಿಯವರು, ಇಟ್ಟುಕೊಂಡವರು ಕಚೇರಿಯವರು, ಕಳೆದವರೂ ಕಚೇರಿಯವರು. ಹುಡುಕಿ ತರಬೇಕಾದವನು ಮಾತ್ರ ರೈತ.

ಯಾವ ತಾಲ್ಲೂಕಾದರೂ ಸರಿ, ಮಾತುಕತೆ ಹೀಗೇ ಸಾಗುತ್ತದೆ.

“ಸಾರ್, ನಮ್ಮ ದುರಸ್ತಿ ಎಲ್ಲಿಗೆ ಬಂತು?”

“ಸರ್ವೆಗೆ ಹೋಗೈತೆ ಕಣಪ್ಪ.”

“ಸರ್ವೆಯವ್ರು ನಿಮ್ಮ ಹತ್ರಕ್ಕೇ ಕಳ್ಸಿದೀವಿ ಅಂದ್ರು.”

“ಹಂಗಾದ್ರೆ ದಾರೀಲಿದೆ.”

“ಎರಡೂ ಆಫೀಸು ಒಂದೇ ಕಾಂಪೌಂಡಲ್ಲವೆ ಸಾರ್, ದಾರಿ ಎಲ್ಲಿಂದ ಬಂತು?”

“ಈಗೆಲ್ಲ ಆನ್‌ಲೈನು. ಸರ್ವರ್ ಎದ್ದ ಮೇಲೆ ಬಾ.”

ರೈತ ಹುಟ್ಟಿದಾಗಿನಿಂದ ಮುಂಜಾನೆ ನಾಲ್ಕಕ್ಕೆ ಏಳುವವನು. ಹತ್ತೂವರೆಯಾದರೂ ಏಳದ ಈ ಸರ್ವರ್ ಯಾರ ಮನೆಯ ಮಗ ಎಂದು ಅವನಿಗೆ ತಿಳಿಯುವುದಿಲ್ಲ.

ಆನ್‌ಲೈನ್ ಎಂದಾಗ ನೆನಪಾಯಿತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯ ಹೆಸರಿನಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ದೇಶವೇ ಬೆರಗಾಗಿ ನೋಡಿದ ಕೆಲಸ ಅದು, ಸಂಶಯವಿಲ್ಲ. ಶಾನುಭೋಗರ ಮೋಡಿ ಅಕ್ಷರದಿಂದ ಬಿಡುಗಡೆ ಸಿಕ್ಕಿತು. ಆದರೆ ಕೀಲಿಮಣೆಯ ಮೇಲೆ ಬೆರಳೊಂದು ಜಾರಿದ್ದರಿಂದ ಎಷ್ಟೋ ಕಡೆ 2 ಎಕರೆ 10 ಗುಂಟೆ 2 ಎಕರೆ 1 ಗುಂಟೆಯಾಯಿತು. ಚಿಕ್ಕತಾಯಮ್ಮ ಚಿಕ್ಕತಾಯಪ್ಪ ಆದಳು. ಜಾರಲು ಅರೆಕ್ಷಣ ಸಾಕಾಯಿತು. ತಾನು ಅಪ್ಪನಲ್ಲ, ಅಮ್ಮ ಎಂದು ಸಾಧಿಸಲು ಆಕೆ ವಂಶವೃಕ್ಷ ತರಬೇಕು, ಅಫಿಡವಿಟ್ ಮಾಡಿಸಬೇಕು. ಭೂಕಂದಾಯ ಕಾಯ್ದೆಯ 136ನೆಯ ಕಲಮಿನ ಕೆಳಗೆ ಉಪವಿಭಾಗಾಧಿಕಾರಿಗಳ ಮುಂದೆ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ ಜಿಲ್ಲಾಧಿಕಾರಿಗಳ ಮುಂದೆ. ಭಾರತದ ಸಂವಿಧಾನಕ್ಕೆ 1951ರಿಂದ 2023ರವರೆಗೆ 106 ತಿದ್ದುಪಡಿಗಳಾಗಿವೆ. ಚಿಕ್ಕತಾಯಮ್ಮ ಕೇಳುತ್ತಿರುವುದು ಒಂದು ಅಕ್ಷರ.

ಇದೇ ಇಲಾಖೆಯಲ್ಲಿ ಬೇಸಾಯಕ್ಕೆ ಬಾರದ ನೆಲಕ್ಕೆ ‘ಖರಾಬು’ ಎನ್ನುತ್ತಾರೆ. ಅದರಲ್ಲೂ ಎ ಖರಾಬು, ಬಿ ಖರಾಬು ಎಂದು ಎರಡು ಜಾತಿ. ಈ ಪದವೂ ದುರಸ್ತಿ ಬಂದ ಪಾರಸಿ ದಾರಿಯಲ್ಲೇ ಬಂದದ್ದು. ಖರಾಬು ಎಂದರೆ ಕೆಟ್ಟದ್ದು, ದುರಸ್ತಿ ಎಂದರೆ ಒಳ್ಳೆಯದು ಮಾಡುವುದು. ಇಲಾಖೆ ಎರಡು ಪದಗಳನ್ನೂ ಒಂದೇ ಕಪಾಟಿನಲ್ಲಿ ಇಟ್ಟಿತು. ಕಾಲಾಂತರದಲ್ಲಿ ಖರಾಬು ಒಳ್ಳೊಳ್ಳೆಯ ಬಡಾವಣೆಯಾಯಿತು, ಸೈಟುಗಳಾಗಿ ಮಾರಾಟವಾಯಿತು. ದುರಸ್ತಿ ಪೂರ್ತಿ ಖರಾಬಾಯಿತು.

ಈ ಅಂಕಣ ಓದಿ ನಕ್ಕವರಲ್ಲಿ ಒಂದು ವಿನಂತಿ. ಈ ವಾರವೇ ನಾಡಕಚೇರಿಗೋ ಸೈಬರ್ ಅಂಗಡಿಗೋ ಹೋಗಿ ನಿಮ್ಮ ಪಹಣಿ ತೆಗೆಸಿ. 3ನೆಯ ಕಾಲಂನಲ್ಲಿ ಒಟ್ಟು ವಿಸ್ತೀರ್ಣ ಇರುತ್ತದೆ, 9ನೆಯ ಕಾಲಂನಲ್ಲಿ ಸ್ವಾಧೀನದಾರರ ಹೆಸರೂ ಅವರವರ ಪಾಲೂ ಇರುತ್ತವೆ. ಎರಡೂ ತಾಳೆಯಾಗುತ್ತವೆಯೇ, ಹೆಸರಿನ ಕಾಗುಣಿತ ಆಧಾರ್ ಕಾರ್ಡಿನಲ್ಲಿ ಇದ್ದಂತೆಯೇ ಇದೆಯೇ ನೋಡಿ. ತಪ್ಪಿದ್ದರೆ ಅಪ್ಪ ಅಮ್ಮ ಗಟ್ಟಿಯಾಗಿರುವಾಗಲೇ ಅವರ ಸಹಿಯಲ್ಲೇ ಅರ್ಜಿ ಹಾಕಿಸಿ, ಮರೆಯದೆ ಸ್ವೀಕೃತಿ ಪಡೆಯಿರಿ. ಸ್ವೀಕೃತಿಯ ಜೆರಾಕ್ಸ್ ಮೂರು ಮಾಡಿಸಿ: ಒಂದು ನಿಮಗೆ, ಒಂದು ನಿಮ್ಮ ಮಗಳಿಗೆ, ಇನ್ನೊಂದು ಮೊಮ್ಮಕ್ಕಳಿಗೆ.